ಅರ್ಧ ಲೋಟ ನೀರಿನ ಮರ್ಯಾದೆ

ಆತಿಥ್ಯ ಎನ್ನುವುದು ಹಳೆಯ ಮಾತು. ಉದ್ಯಮ ಎನ್ನುವುದೂ ಹಳೆಯ ಮಾತೇ. ಇವೆರಡನ್ನೂ ಕೂಡಿಸಿ ಒಂದೇ ಉಸಿರಿನಲ್ಲಿ ‘ಆತಿಥ್ಯೋದ್ಯಮ’ ಎಂದು ಹೇಳುವ ರೂಢಿ ಮಾತ್ರ ಈಚಿನದು. ಕೇಳುವುದಕ್ಕೆ ಸೊಗಸಾಗಿಯೇ ಇದೆ. ಆದರೆ ಈ ಸಮಾಸದೊಳಗಿನ ಎರಡು ಪದಗಳು, ಒಂದೇ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕುಳಿತ ದಾಯಾದಿಗಳಂತೆ ನನಗೆ ಕಾಣುತ್ತವೆ. ಆತಿಥ್ಯಕ್ಕೆ ಲೆಕ್ಕ ಗೊತ್ತಿಲ್ಲ. ಉದ್ಯಮಕ್ಕೆ ಲೆಕ್ಕದ ಹೊರತು ಬೇರೇನೂ ಗೊತ್ತಿಲ್ಲ. ಪರಿಸರ ಎಂಬ ಮೂರನೆಯ ಮಾತು ನಡುವೆ ಬಂದಾಗ ಎರಡೂ ಒಟ್ಟಿಗೇ ತಬ್ಬಿಬ್ಬಾಗುತ್ತವೆ. ಹೋಟೆಲು, ವಸತಿಗೃಹ, ಹೋಮ್‌ಸ್ಟೇಗಳಲ್ಲಿ ದುಡಿಯುವವರಿಗೂ ಅಲ್ಲಿ ತಂಗುವವರಿಗೂ ಪರಿಸರದ ಪಾಠವನ್ನು ಯಾರು ಹೇಳಬೇಕು, ಹೇಗೆ ಹೇಳಿದರೆ ಅದು ನಾಟೀತು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಮಾತನ್ನು ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಎಲ್ಲರೂ ನೋಡಿದ್ದೀರಿ. ಅದು ಬಂದದ್ದು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಿಂದ. ವಿದ್ಯಾಭ್ಯಾಸ ಮುಗಿಸಿ ಮನೆಗೆ ಹೊರಟು ನಿಂತ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತುಗಳ ನಡುವೆ ಅದು ಬರುತ್ತದೆ. ಎಂದರೆ ಅತಿಥಿಸತ್ಕಾರವನ್ನು ನಮ್ಮ ಹಿರಿಯರು ತಾನಾಗಿ ಬರುವ ಗುಣವೆಂದು ತಿಳಿದಿರಲಿಲ್ಲ. ಅದು ಕಲಿಸಬೇಕಾದ ವಿಷಯವಾಗಿತ್ತು. ಅದೇ ಉಪನಿಷತ್ತಿನ ಕಡೆಯ ಭಾಗವಾದ ಭೃಗುವಲ್ಲಿಯಲ್ಲಿ ಅನ್ನದ ವಿಷಯವಾಗಿ ಕೆಲವು ವ್ರತಗಳಿವೆ. ಅವುಗಳ ಬೆನ್ನಿಗೇ, ಬಾಗಿಲಿಗೆ ಬಂದವರಿಗೆ ಇಂಬಿಲ್ಲವೆನ್ನಬಾರದೆಂಬ ವ್ರತವೂ ಬರುತ್ತದೆ. ಅನ್ನವನ್ನು ಕಡೆಗಣಿಸದಿರುವುದು, ಬಂದವನನ್ನು ಕಡೆಗಣಿಸದಿರುವುದು ಎರಡೂ ಅಲ್ಲಿ ಅಕ್ಕಪಕ್ಕದ ಪಾಠಗಳು. ಜಾಹೀರಾತು ಬರೆದವರು ಎರಡನೆಯದನ್ನು ಉಳಿಸಿಕೊಂಡು ಮೊದಲನೆಯದನ್ನು ಕೈಬಿಟ್ಟರು.

ಇಷ್ಟು ಹಿಂದಕ್ಕೆ ಹೋಗಲು ಮನಸ್ಸಿಲ್ಲದವರು ಈಚಿನ ಚರಿತ್ರೆಯನ್ನಾದರೂ ನೋಡಬಹುದು. ಹೋಟೆಲಿನ ವಿದ್ಯೆಯನ್ನು ಕಲಿಸಲೆಂದು ನಮ್ಮ ದೇಶದಲ್ಲಿ ಮೊದಲು ಸ್ಥಾಪನೆಯಾದ ಸಂಸ್ಥೆ 1954ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅದನ್ನು ಹುಟ್ಟಿಸಿದವರು ಹೋಟೆಲ್ ಮಾಲೀಕರಲ್ಲ. ಲೀಲಾವತಿ ಮುನ್ಷಿಯವರ ಮುಂದಾಳುತನದಲ್ಲಿದ್ದ ಮಹಿಳೆಯರ ಆಹಾರ ಮಂಡಲಿ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದ ಕಾಲ ಅದು. ಅಕ್ಕಿ ಗೋಧಿಗಳಿಗೆ ಪಡಿತರ ಚೀಟಿ ಹಿಡಿದು ನಿಲ್ಲಬೇಕಾಗಿತ್ತು. ಆಗ ಈ ಹೆಂಗಸರು ‘ಅನ್ನಪೂರ್ಣಾ’ ಎಂಬ ಹೆಸರಿನ ಉಪಾಹಾರಗೃಹಗಳನ್ನು ತೆರೆದು, ಪಡಿತರದ ಧಾನ್ಯಗಳನ್ನು ಮುಟ್ಟದೆಯೇ ಹೊಟ್ಟೆ ತುಂಬುವ ಅಡಿಗೆ ಮಾಡಬಹುದೆಂದು ತೋರಿಸಿಕೊಟ್ಟರು. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಮಾವಳ್ಳಿ ಟಿಫಿನ್ ರೂಮಿನ ರವೆ ಇಡ್ಲಿ ಹುಟ್ಟಿತೆಂಬ ಕಥೆಯಂತೂ ಬೆಂಗಳೂರಿನವರ ಬಾಯಲ್ಲಿ ಇದ್ದೇ ಇದೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಸೋಮವಾರ ಒಂದು ಹೊತ್ತಿನ ಊಟ ಬಿಡಿರೆಂದು ಕೇಳಿಕೊಂಡಾಗ ಎಷ್ಟೋ ಹೋಟೆಲುಗಳು ಆ ರಾತ್ರಿ ಬಾಗಿಲು ಹಾಕಿದವು. ಮದುವೆಯ ಊಟಕ್ಕೆ ಇಷ್ಟೇ ಜನ ಕೂರಬೇಕೆಂಬ ಅತಿಥಿ ನಿಯಂತ್ರಣ ಆಜ್ಞೆಗಳನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ.

ಹಸಿವಿನ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಹೊಗಳುವವರು ಬಹುಮಟ್ಟಿಗೆ ಆಗ ಹೊಟ್ಟೆ ತುಂಬಿದ್ದವರೇ ಆಗಿರುತ್ತಾರೆ. ನಾನು ಹೇಳುವುದಿಷ್ಟೆ: ನಮ್ಮಲ್ಲಿ ಹೋಟೆಲಿನ ಶಿಕ್ಷಣ ಹುಟ್ಟಿದ್ದೇ ಮಿತವ್ಯಯದ ಮಡಿಲಿನಲ್ಲಿ. ಆಮೇಲೆ ಕಾಲ ಬದಲಾಯಿತು. ಸಮೃದ್ಧಿ ಬಂದಿತು, ಬರಬೇಕಾದದ್ದೇ. ಆದರೆ ಅತಿಥಿಯನ್ನು ಗೌರವಿಸುವುದೆಂದರೆ ಅವನು ಬೇಡವೆಂದದ್ದನ್ನೂ ಅವನ ಮುಂದೆ ಸುರಿಯುವುದು ಎಂಬ ಹೊಸ ಶಾಸ್ತ್ರವೊಂದು ಅದರ ಜೊತೆಯಲ್ಲೇ ಒಳನುಗ್ಗಿತು.

ಆ ಶಾಸ್ತ್ರದ ಫಲ ಕಾಣಬೇಕಾದರೆ ಹೋಟೆಲನ್ನು ಮುಂಬಾಗಿಲಿನಿಂದಲ್ಲ, ಹಿಂಬಾಗಿಲಿನಿಂದ ನೋಡಬೇಕು. ನಾನು ಕೆಲವು ಊರುಗಳಲ್ಲಿ ಹಾಗೆ ನಿಂತು ನೋಡಿದ್ದೇನೆ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಊಟದ ಗಲಾಟೆ ಇಳಿದ ಮೇಲೆ ಹೊರಬರುವ ಡ್ರಮ್ಮುಗಳಲ್ಲಿ ಇರುವುದು ಬರಿಯ ಎಂಜಲಲ್ಲ. ಕೈಯೇ ತಾಗದ ಅನ್ನ, ಮುರಿಯದ ಪೂರಿ, ಬಟ್ಟಲಿನಲ್ಲಿ ಕೆನೆಗಟ್ಟಿದ ಪಾಯಸ. ಇವುಗಳ ಮೇಲೆ ಕಾಗದದ ಕರವಸ್ತ್ರ, ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿ. ಹಿಂದೆ ಹೋಟೆಲಿನ ಹಿಂಬಾಗಿಲಿಗೆ ದನ ಸಾಕಿದವರು ಬರುತ್ತಿದ್ದರು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿಯ ಸಿಪ್ಪೆ ಸೇರಿದ ಕಲಗಚ್ಚು ಅವರ ಕೊಟ್ಟಿಗೆಗೆ ಹೋಗುತ್ತಿತ್ತು. ಮಲೆನಾಡಿನಲ್ಲಿ ಅದನ್ನೇ ಅಕ್ಕಚ್ಚು ಎನ್ನುತ್ತಾರೆ. ಉಂಡ ಬಾಳೆಯೆಲೆಯೂ ಮುತ್ತುಗದೆಲೆಯೂ ದನಕ್ಕೋ ತಿಪ್ಪೆಗೋ ಸೇರುತ್ತಿದ್ದವು. ಆ ಹೋಟೆಲುಗಳು ಪರಿಸರದ ಹೆಸರನ್ನೇ ಕೇಳಿದ್ದಿಲ್ಲ. ಸೌದೆಯ ಹೊಗೆಯನ್ನು ಊರ ಮೇಲೆ ಬಿಟ್ಟವೂ ಅವೇ, ಕೊಳಚೆಯನ್ನು ತೆರೆದ ಮೋರಿಗೆ ಚೆಲ್ಲಿದವೂ ಅವೇ. ಆದರೆ ಎಸೆದದ್ದು ಯಾವುದೋ ಒಂದು ಬಾಯಿಗೆ ಬೀಳುತ್ತಿತ್ತು. ಇಂದು ಹಸು ಬಂದರೆ ಅದರ ಹೊಟ್ಟೆಗೆ ಹೋಗುವುದು ಪ್ಲಾಸ್ಟಿಕ್ಕು.

ಜಗತ್ತಿನ ಲೆಕ್ಕವೂ ಇದೇ ಕಥೆ ಹೇಳುತ್ತದೆ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಮನೆ, ಅಂಗಡಿ, ಹೋಟೆಲುಗಳಿಂದ ಸುಮಾರು 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ ಹೋಟೆಲು ಮೊದಲಾದ ಊಟದ ಮನೆಗಳ ಪಾಲು 29 ಕೋಟಿ ಟನ್. ಮನೆಗಳ ಪಾಲು ಇದರ ಎರಡರಷ್ಟಕ್ಕಿಂತ ಹೆಚ್ಚೆಂಬುದನ್ನೂ ಹೇಳಿಬಿಡಬೇಕು. ಹೋಟೆಲಿನವರನ್ನು ಮಾತ್ರ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ನಮ್ಮ ಸರ್ಕಾರಗಳೂ ಸುಮ್ಮನಿರಲಿಲ್ಲ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೋಗ್ರಾಂಗಿಂತ ಹೆಚ್ಚು ಕಸ ಮಾಡುವವರನ್ನು ಬೇರೆಯಾಗಿಯೇ ಗುರುತಿಸಿ, ಹಸಿಕಸವನ್ನು ಆದಷ್ಟು ತಮ್ಮ ಆವರಣದಲ್ಲೇ ಗೊಬ್ಬರವಾಗಿಯೋ ಅನಿಲವಾಗಿಯೋ ಮಾಡಿಕೊಳ್ಳಬೇಕೆಂದು ವಿಧಿಸಿದವು. ಅದೇ ವರ್ಷ ಕರ್ನಾಟಕ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನೂ ಕೈಚೀಲಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶವೇ ಆ ದಾರಿ ಹಿಡಿಯಿತು. ನಿಯಮಗಳ ಹಾಳೆ ದಪ್ಪವಾಗಿಯೇ ಇದೆ. ಡ್ರಮ್ಮಿಗೆ ಸುರಿಯುವ ಕೈಗೆ ಆ ಹಾಳೆಯನ್ನು ಯಾರಾದರೂ ಓದಿ ಹೇಳಿದ್ದಾರೆಯೇ ಎಂಬುದು ಮಾತ್ರ ನನ್ನ ಪ್ರಶ್ನೆ.

ಅನ್ನದ ಕಥೆ ಇದಾದರೆ ನೀರಿನದು ಇನ್ನೂ ಸೂಕ್ಷ್ಮ. ನಗರದ ಮನೆಗೆ ತಲಾ 135 ಲೀಟರ್ ನೀರು ಬೇಕೆಂದು ಲೆಕ್ಕ ಹಾಕುವವರೇ, ವಸತಿ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್, ಊಟದ ಹೋಟೆಲಿನ ಒಂದು ಆಸನಕ್ಕೆ 70 ಲೀಟರ್ ಎಂದು ಹಿಡಿಯುತ್ತಾರೆ. ಎಂದರೆ ಮನೆ ಬಿಟ್ಟು ಹೋಟೆಲಿಗೆ ಬಂದ ಕ್ಷಣದಿಂದ ಅದೇ ಮನುಷ್ಯನ ಬಾಯಾರಿಕೆ ಬೆಳೆಯುತ್ತದೆ! ಈಜುಕೊಳ, ಹುಲ್ಲುಹಾಸುಗಳ ಐಷಾರಾಮಿ ಹೋಟೆಲುಗಳ ಮಾತು ಇದಕ್ಕೂ ಮೇಲೆ. ಬೆಂಗಳೂರಿನಲ್ಲಿ ಈ ನೀರು ಬರುವುದು ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ. ಸುಮಾರು 500 ಮೀಟರು ಎತ್ತರಕ್ಕೆ ಅದನ್ನು ಯಂತ್ರಗಳು ಏರಿಸಬೇಕು. ಒಂದು ಲೋಟ ನೀರಿನಲ್ಲಿ ಅಷ್ಟು ವಿದ್ಯುಚ್ಛಕ್ತಿಯೂ ಕರಗಿರುತ್ತದೆ.

ಒಂದು ಊರಿನ ಹೋಟೆಲಿನಲ್ಲಿ, ನಾನು ಕುಳಿತ ಕೂಡಲೆ ವಯಸ್ಸಾದ ಸಪ್ಲೈಯರ್ ಒಬ್ಬರು ತುಂಬಿದ ಲೋಟ ತಂದಿಟ್ಟರು. ಎದುರು ಮೇಜಿನಿಂದ ಎದ್ದು ಹೋದವರ ನಾಲ್ಕು ಲೋಟಗಳು ಮುಕ್ಕಾಲು ತುಂಬಿಯೇ ಇದ್ದವು. ಒರೆಸುವ ಹುಡುಗ ಅವನ್ನು ಬಕೆಟ್ಟಿಗೆ ಸುರಿದುಕೊಂಡು ಹೋದ. “ಅರ್ಧ ಲೋಟ ಕೊಡಬಾರದೇ ಯಜಮಾನರೇ? ಬೇಕಾದವರು ಮತ್ತೆ ಕೇಳುತ್ತಾರೆ” ಎಂದೆ. ಅವರು ನಕ್ಕು, “ಅರ್ಧ ಕೊಟ್ಟರೆ ಗಿರಾಕಿ ಬೈತಾರೆ ಸ್ವಾಮಿ, ಸಾಹುಕಾರರೂ ಬೈತಾರೆ. ಚೆಲ್ಲಿದರೆ ಯಾರೂ ಬೈಯೋದಿಲ್ಲ” ಎಂದರು.

ಪರಿಸರ ಶಿಕ್ಷಣದ ಮೇಲೆ ನಾನು ಓದಿದ ಹಲವು ಪ್ರಬಂಧಗಳಿಗಿಂತ ಈ ಮಾತು ನನಗೆ ಹೆಚ್ಚು ಕಲಿಸಿತು. ಆ ಮನುಷ್ಯರಿಗೆ ನೀರಿನ ಬೆಲೆ ಗೊತ್ತಿಲ್ಲವೆನ್ನಲಾಗದು. ಬೇಸಗೆಯಲ್ಲಿ ಕೊಡ ಹೊತ್ತ ಮನೆಯಿಂದಲೇ ಬಂದವರಿರಬೇಕು. ಗೊತ್ತಿದ್ದದ್ದನ್ನು ನಡೆಸುವ ಅಧಿಕಾರ ಅವರಿಗಿಲ್ಲ. ಅರ್ಧ ಲೋಟಕ್ಕೆ ಮರ್ಯಾದೆ ಇಲ್ಲ. ಪೂರ್ತಿ ಲೋಟಕ್ಕೆ ಇದೆ. ಎಲ್ಲಿಯವರೆಗೆ ಮರ್ಯಾದೆಯ ಅಳತೆ ಹೀಗೇ ಉಳಿಯುವುದೋ ಅಲ್ಲಿಯವರೆಗೆ ಎಷ್ಟು ತರಬೇತಿ ಕೊಟ್ಟರೂ ಅದು ನೀರ ಮೇಲಿನ ಬರಹ.

2024ರ ಬೇಸಗೆ ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸಿತು. ಕೊಳವೆಬಾವಿಗಳು ಬತ್ತಿ ಬೆಂಗಳೂರು ಬಾಯಾರಿದ ಆ ಮಾರ್ಚ್ ತಿಂಗಳಿನಲ್ಲಿ, ಕುಡಿಯುವ ನೀರನ್ನು ಗಿಡಕ್ಕೂ ಕಾರು ತೊಳೆಯುವುದಕ್ಕೂ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಲಿ ಸಾರಿತು. ಹೋಟೆಲು ಮೊದಲಾದ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಎಂಬ ಸಣ್ಣ ಬಿಲ್ಲೆಯನ್ನು ಕಡ್ಡಾಯ ಮಾಡಿತು. ನೀರಿನ ಜೊತೆ ಗಾಳಿಯನ್ನು ಬೆರೆಸಿ, ಧಾರೆಯನ್ನು ದಪ್ಪವಾಗಿಯೇ ತೋರಿಸುತ್ತ ಹರಿವನ್ನು ಇಳಿಸುವ ಸಾಧನ ಅದು. ಒಳ್ಳೆಯ ಉಪಾಯ. ಆದರೆ ಅದೇ ಹೊತ್ತಿನಲ್ಲಿ ಕೆಲವು ಹೋಟೆಲುಗಳು ತಟ್ಟೆ ತೊಳೆಯುವ ನೀರು ಉಳಿಸಲೆಂದು ಒಮ್ಮೆ ಬಳಸಿ ಎಸೆಯುವ ತಟ್ಟೆ ಲೋಟಗಳಿಗೆ ತಿರುಗಿದವು. ನೀರಿನ ಮನೆಯಲ್ಲಿ ಉಳಿಸಿದ್ದನ್ನು ಕಸದ ಮನೆಯಲ್ಲಿ ಕಳೆದಂತಾಯಿತು. ಒಂದು ತೊಂದರೆಗೆ ಒಂದು ಆಜ್ಞೆ ಎಂಬ ಕ್ರಮದಲ್ಲಿ ಕಲಿತರೆ ಹೀಗೆಯೇ ಆಗುವುದು.

ಹಾಗಾದರೆ ಮಿತಿಗೂ ಮರ್ಯಾದೆಗೂ ಹೊಂದಿಕೆಯೇ ಇಲ್ಲವೇ? ಉಂಟು, ಅದಕ್ಕೆ ಹೊರದೇಶದ ಉದಾಹರಣೆ ಬೇಕಾಗಿಲ್ಲ. ಬೆಂಗಳೂರಿನ ‘ಬೈ ಟೂ ಕಾಫಿ’ಯನ್ನು ನೆನೆಯಿರಿ. ಇಬ್ಬರು ಬಂದು ಒಂದು ಕಾಫಿಯನ್ನು ಎರಡು ಲೋಟದಲ್ಲಿ ಕೇಳಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕೇಳುವವನಿಗೆ ಸಂಕೋಚವಿಲ್ಲ, ಕೊಡುವವನಿಗೆ ತಾತ್ಸಾರವಿಲ್ಲ. ಸಿರಿವಂತನೂ ಕೇಳುತ್ತಾನೆ, ವಿದ್ಯಾರ್ಥಿಯೂ ಕೇಳುತ್ತಾನೆ. ಬೇಕಾದಷ್ಟೇ ಕುಡಿಯುವ ಈ ಪದ್ಧತಿಯನ್ನು ಯಾವ ಇಲಾಖೆಯೂ ಕಲಿಸಲಿಲ್ಲ. ಎಲ್ಲರೂ ಹಾಗೆ ಮಾಡುವುದನ್ನು ಎಲ್ಲರೂ ಕಂಡರು, ಅಷ್ಟೆ. ನಮ್ಮ ಹಳೆಯ ಪಂಕ್ತಿಭೋಜನದಲ್ಲಿಯೂ ನುರಿತ ಬಡಿಸುವವನು ಮೊದಲ ಸಲ ಎಲೆಯ ತುದಿಗೆ ಚಿಟಿಕೆಯಷ್ಟೇ ಇಟ್ಟು ಮುಂದೆ ಹೋಗಿ, ಉಂಡವನ ಎಲೆ ನೋಡಿಕೊಂಡು ಮತ್ತೆ ಮತ್ತೆ ಬರುತ್ತಿದ್ದ. ಉಪಚಾರ ಇದ್ದದ್ದು ಆ ಮತ್ತೆ ಬರುವುದರಲ್ಲಿ. ನಾಲ್ಕು ಸಲ ಬರುವುದಕ್ಕೆ ಆಳು ಸಾಲದಾದಾಗ ಒಂದೇ ಸಲಕ್ಕೆ ರಾಶಿ ಹಾಕುವುದು ಬಂದಿತು; ಅದನ್ನೇ ಔದಾರ್ಯವೆಂದು ಕರೆದೆವು.

‘ಎಲ್ಲರೂ ಮಾಡುವುದನ್ನು ಕಂಡು’ ಎಂದೆನಲ್ಲ, ಅದು ನನ್ನ ಊಹೆ ಮಾತ್ರವಲ್ಲ. ದೊಡ್ಡ ವಸತಿ ಹೋಟೆಲುಗಳ ಸ್ನಾನದ ಮನೆಯಲ್ಲಿ ಒಂದು ಕಾರ್ಡು ಇಟ್ಟಿರುವುದನ್ನು ನೀವು ನೋಡಿರಬಹುದು: ಭೂಮಿಯನ್ನು ಉಳಿಸಿ, ಟವಲನ್ನು ಇನ್ನೊಂದು ದಿನ ಬಳಸಿ, ಎಂಬ ಅರ್ಥದ್ದು. ಅಮೆರಿಕದ ಜೇ ವೆಸ್ಟರ್‌ವೆಲ್ಡ್ ಎಂಬವರು 1986ರಲ್ಲಿ ಇಂಥ ಕಾರ್ಡನ್ನೇ ಕುರಿತು ಬರೆದು, ಹೋಟೆಲಿನವರು ಉಳಿಸುವುದು ಬಟ್ಟೆ ಒಗೆಯುವ ಖರ್ಚನ್ನು, ಹೇಳುವುದು ಭೂಮಿಯ ಹೆಸರನ್ನು ಎಂದು ಟೀಕಿಸಿದರು. ‘ಗ್ರೀನ್‌ವಾಷಿಂಗ್’ ಎಂಬ ಮಾತು, ಎಂದರೆ ಹಸಿರು ಸುಣ್ಣ ಬಳಿಯುವುದು, ಅಲ್ಲಿಂದ ಹರಡಿತು. ಟೀಕೆ ಸರಿ; ಆದರೆ ಕಾರ್ಡು ವ್ಯರ್ಥವೇ? ಅಮೆರಿಕದಲ್ಲೇ ಗೋಲ್ಡ್‌ಸ್ಟೈನ್, ಚಾಲ್ಡೀನಿ, ಗ್ರಿಸ್ಕೆವಿಷಿಯಸ್ ಎಂಬ ಮೂವರು ಒಂದು ಹೋಟೆಲಿನಲ್ಲಿ ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಪರಿಸರವನ್ನು ಕಾಪಾಡಿ ಎಂದಷ್ಟೇ ಹೇಳಿದ ಕಾರ್ಡಿಗೆ ನೂರಕ್ಕೆ 35 ಮಂದಿ ಓಗೊಟ್ಟರು. ಇಲ್ಲಿ ತಂಗಿದ ಹೆಚ್ಚಿನ ಅತಿಥಿಗಳು ಟವಲನ್ನು ಮತ್ತೆ ಬಳಸುತ್ತಾರೆ ಎಂದು ಹೇಳಿದ ಕಾರ್ಡಿಗೆ 44. ಇನ್ನೊಂದು ಸುತ್ತಿನಲ್ಲಿ, ಇದೇ ಕೊಠಡಿಯಲ್ಲಿ ತಂಗಿದ್ದವರು ಹಾಗೆ ಮಾಡಿದರು ಎಂದಾಗ 49. ಮುಖವನ್ನೇ ಕಾಣದ ಹಿಂದಿನ ಅತಿಥಿಯ ನಡತೆ, ಭೂಮಿತಾಯಿಯ ಹೆಸರಿಗಿಂತ ಹೆಚ್ಚು ಕೆಲಸ ಮಾಡಿತು! ಉಪದೇಶ ಮಾಡುವ ಚಪಲವಿರುವ ನನ್ನಂಥವರಿಗೆ ಇದು ಅಷ್ಟೇನೂ ಹಿತವಾದ ಸುದ್ದಿಯಲ್ಲ.

ಟವಲು ಲೋಟಗಳ ಲೆಕ್ಕ ಗೋಡೆಯ ಒಳಗಿನದು. ಹೋಟೆಲು ನಿಂತ ನೆಲದ ಲೆಕ್ಕ ಇನ್ನೂ ದೊಡ್ಡದು. ಅದನ್ನು ಮರೆತವರಿಗೆ ನ್ಯಾಯಾಲಯಗಳೇ ಉಪಾಧ್ಯಾಯರಾಗಬೇಕಾಗಿ ಬಂದಿದೆ. ಹಿಮಾಚಲದ ಕುಲ್ಲು ಕಣಿವೆಯಲ್ಲಿ ಬಿಯಾಸ್ ನದಿಯ ದಡದ ಮೋಟೆಲೊಂದು 1995ರ ಪ್ರವಾಹದ ಮುಂದೆ, ತನ್ನ ಕಟ್ಟಡ ಉಳಿಸಿಕೊಳ್ಳಲು ಯಂತ್ರಗಳನ್ನು ಇಳಿಸಿ ನದಿಯ ಹರಿವನ್ನೇ ತಿರುಗಿಸಹೊರಟಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಕೊಟ್ಟಿದ್ದ ಭೂಮಿಯ ಗುತ್ತಿಗೆಯನ್ನು ರದ್ದು ಮಾಡಿತು. ನದಿ, ಕಾಡು, ಕಡಲತೀರಗಳನ್ನು ಸರ್ಕಾರ ಜನರ ಪರವಾಗಿ ಕಾದಿಡಬೇಕಾದ ನ್ಯಾಸ ಎಂಬ ತತ್ತ್ವ ನಮ್ಮ ಕಾನೂನಿನಲ್ಲಿ ನೆಲೆಯಾದದ್ದು ಈ ಮೋಟೆಲಿನ ದೆಸೆಯಿಂದ. ಮರುವರ್ಷವೇ, 1997ರಲ್ಲಿ, ನಮ್ಮ ಉಚ್ಚ ನ್ಯಾಯಾಲಯದ ಮುಂದೆ ನಾಗರಹೊಳೆಯ ಮೊಕದ್ದಮೆ ತೀರ್ಮಾನವಾಯಿತು. ರಾಷ್ಟ್ರೀಯ ಉದ್ಯಾನದೊಳಗಿನ ಮುರ್ಕಲ್ಲಿನಲ್ಲಿ ಹೆಸರಾಂತ ಹೋಟೆಲ್ ಸಂಸ್ಥೆಯೊಂದು ಪ್ರವಾಸಿಗಳಿಗೆ ತಂಗುದಾಣ ಕಟ್ಟಲು ಸರ್ಕಾರದಿಂದ ಗುತ್ತಿಗೆ ಪಡೆದಿತ್ತು. ದಾವೆ ಹೂಡಿದವರು ಆ ಕಾಡಿನ ಬುಡಕಟ್ಟು ಜನರ ಸಂಘಟನೆಯವರು. ಗುತ್ತಿಗೆ ಅರಣ್ಯ ಕಾಯಿದೆಗೆ ವಿರುದ್ಧವೆಂದು ತೀರ್ಪಾಯಿತು. ಕಾಡನ್ನು ಕಾಪಾಡಲೆಂದು ಎಲ್ಲಿಂದ ಹೊರಗೆ ಹೋಗಿರೆಂದು ತಮಗೆ ಹೇಳುತ್ತಿದ್ದರೋ ಅಲ್ಲಿಗೇ ಹಾಸಿಗೆ ಹಾಸಿ ಪ್ರವಾಸಿಗಳನ್ನು ಕರೆತರುವುದು ಆ ಜನರಿಗೆ ಹೇಗೆ ಕಂಡಿರಬೇಕು! ಆ ಕಾಡಿನಲ್ಲಿ ಆತಿಥೇಯರು ಯಾರು, ಅತಿಥಿಗಳು ಯಾರು ಎಂಬ ಪ್ರಶ್ನೆಯೇ ತಲೆಕೆಳಗಾಗಿತ್ತು.

ಮತ್ತೆ ಶಿಕ್ಷಣಕ್ಕೆ ಬರೋಣ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಶಾಲೆ ಕಾಲೇಜುಗಳಲ್ಲಿ ಪರಿಸರ ಪಾಠ ಕಡ್ಡಾಯವಾಗಬೇಕೆಂದಿತು. ಹೋಟೆಲ್ ವಿದ್ಯೆಯ ತರಗತಿಗಳಲ್ಲಿಯೂ ಅದಕ್ಕೆ ಈಗ ಜಾಗವಿದೆ. ಆ ಪಾಠ ಓದಿದವರು ಮುಂದೆ ವ್ಯವಸ್ಥಾಪಕರಾಗುತ್ತಾರೆ. ಆದರೆ ಲೋಟ ತುಂಬುವವರು, ಪಾತ್ರೆ ತೊಳೆಯುವವರು, ಹಾಸಿಗೆ ಬದಲಿಸುವವರು ಆ ತರಗತಿಗೆ ಬಂದವರಲ್ಲ. ಕರೆದರೂ ಅಲ್ಲಿಯ ಭಾಷೆ ಅವರದಲ್ಲ. ಇವರಿಗೆ ಓದಿಸಿದ ಸಂಪ್ರದಾಯ ನಮ್ಮಲ್ಲಿ ಇಲ್ಲವೇ ಎಂದರೆ, ಇತ್ತು. ದಕ್ಷಿಣ ಕನ್ನಡ ಉಡುಪಿಗಳಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ತಟ್ಟೆ ತೊಳೆದ ಎಷ್ಟೋ ಹುಡುಗರು ಹಗಲೆಲ್ಲ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಮುಂದೆ ಅವರಲ್ಲಿ ವಕೀಲರೂ ಬರಹಗಾರರೂ ಹೋಟೆಲ್ ಮಾಲೀಕರೂ ಆದವರಿದ್ದಾರೆ. ಅಂಥ ಬಾಲ್ಯಕ್ಕೆ ನಾವು ಮರಳಬೇಕಿಲ್ಲ. 2006ರಿಂದ ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷಿದ್ಧವಾದದ್ದು ಒಳ್ಳೆಯದೇ ಆಯಿತು. ನನಗೆ ಬೇಕಾದದ್ದು ಆ ಶಾಲೆಗಳ ಹಿಂದಿದ್ದ ತಿಳಿವಳಿಕೆ: ತಟ್ಟೆ ತೊಳೆಯುವವನೂ ಕಲಿಯಬೇಕಾದವನು, ಅವನ ಭಾಷೆಯಲ್ಲಿ, ಅವನ ಬಿಡುವಿನಲ್ಲಿ. ಇಂದು ನಮ್ಮ ಹೋಟೆಲುಗಳಲ್ಲಿ ಆ ಭಾಷೆ ಕನ್ನಡವೇ ಆಗಿರಬೇಕೆಂದಿಲ್ಲ. ಒಡಿಯಾ, ಅಸ್ಸಾಮಿ, ನೇಪಾಳಿ ಮಾತಾಡುವ ಕೈಗಳು ನಮ್ಮ ದೋಸೆಯನ್ನು ತಿರುವಿಹಾಕುತ್ತಿವೆ.

ಅಂಥ ಶಾಲೆಯೊಂದರ ಪಾಠವನ್ನು ನನಗೆ ಬಿಟ್ಟರೆ ಪುಸ್ತಕವನ್ನು ನಾನು ತೆರೆಯುವುದಿಲ್ಲ. ಸಾಹುಕಾರರಿಂದ ಒಂದು ದಿನದ ಸಂಬಳಸಹಿತ ರಜೆಯನ್ನೂ ಒಂದು ಬಸ್ಸನ್ನೂ ಕೇಳುತ್ತೇನೆ. ಬಸವನಗುಡಿ, ಚಾಮರಾಜಪೇಟೆಗಳ ಕಡೆಯ ಹೋಟೆಲಿನವರಾದರೆ ದಾರಿ ಸುಲಭ. ಪಾತ್ರೆ ತೊಳೆಯುವ ತೊಟ್ಟಿಯಿಂದ ಹೊರಟ ನೀರು ವೃಷಭಾವತಿಯನ್ನು ಸೇರುತ್ತದೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ಆ ಹೊಳೆ ಇಂದು ನೊರೆಯುಗುಳುವ ಮೋರಿ. ಮೈಸೂರು ರಸ್ತೆಯ ಪಕ್ಕದಲ್ಲೇ ಅದರೊಡನೆ ಹೋದರೆ ಬಿಡದಿಯ ಬಳಿ ಬೈರಮಂಗಲದ ಕೆರೆ. ಅಲ್ಲಿಂದ ಮುಂದೆ ಅದು ಅರ್ಕಾವತಿಯನ್ನು ಕೂಡುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ಅಷ್ಟು ದೂರದಿಂದ, ಅಷ್ಟು ಎತ್ತರಕ್ಕೆ ಏರಿಸಿ ತಂದ ನೀರು ನಮ್ಮ ಸೋಪು, ಎಣ್ಣೆ, ಎಂಜಲುಗಳನ್ನು ಹೊತ್ತು ತನ್ನ ತಾಯಿಯ ಮನೆಗೆ ಹೀಗೆ ಮರಳುತ್ತದೆ. ಬೈರಮಂಗಲದಲ್ಲಿ ಬಸ್ಸು ನಿಲ್ಲಿಸಿ, ಕೆರೆಯ ಏರಿಯ ಮೇಲೆ ಎಲ್ಲರನ್ನೂ ಇಳಿಸುತ್ತೇನೆ. ವ್ಯವಸ್ಥಾಪಕರನ್ನೂ ಸಾಹುಕಾರರನ್ನೂ ಕೂಡ. ಅಲ್ಲಿಯ ರೈತರು ಆ ನೀರಿನಲ್ಲಿ ಮೇವಿನ ಹುಲ್ಲು ಬೆಳೆಯುತ್ತಾರೆ. ಹುಲ್ಲು ಹಸುವಿಗೆ, ಹಸುವಿನ ಹಾಲು ಪೇಟೆಗೆ, ನಾಳೆ ಬೆಳಗಿನ ಕಾಫಿಗೆ. ಊಟದ ಹೊತ್ತಿಗೆ ಆ ರೈತರಲ್ಲಿ ಒಬ್ಬರನ್ನು ಕರೆದು, ಅವರ ಬಾವಿಯ ನೀರನ್ನು ಈಗ ಯಾರು ಕುಡಿಯುತ್ತಾರೆಂದು ಕೇಳಿ, ಅವರು ಹೇಳುವಷ್ಟು ಹೊತ್ತೂ ಎಲ್ಲರೂ ಕುಳಿತು ಕೇಳುವಂತೆ ಮಾಡುತ್ತೇನೆ.